ಆಭಾ ಆ್ಯಪ್ ಬಳಸಿದ ಮೇಲೆ: ಫೋನಿಗೆ ಬೀಗ ಇದೆ, ಆಸ್ಪತ್ರೆ ಕೌಂಟರಿಗೆ?

ಆರೋಗ್ಯ ದಾಖಲೆಗಳನ್ನು ಫೋನಿನಲ್ಲೇ ನೋಡಲು, ವೈದ್ಯರಿಗೆ ತೋರಿಸಲು ಕೇಂದ್ರ ಸರ್ಕಾರ ತಂದಿರುವ ಆಭಾ ಆ್ಯಪನ್ನು ಅಮ್ಮನ ಸಲುವಾಗಿ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅವರಿಗೆ ಶುಗರ್, ಬಿಪಿ ಎರಡೂ ಇದೆ, ಮನೆ ಇರುವುದು ತೀರ್ಥಹಳ್ಳಿಯಿಂದ ಒಳಗೆ, ದೊಡ್ಡ ಪರೀಕ್ಷೆ ಏನಿದ್ದರೂ ಶಿವಮೊಗ್ಗಕ್ಕೇ ಹೋಗಬೇಕು. ನಾನು ಕೊಡುವುದು ನಾಲ್ಕು ಸ್ಟಾರ್. ಐದನೆಯದನ್ನು ಹಿಡಿದಿಟ್ಟಿರುವುದು ಆ್ಯಪ್‌ಗಾಗಿ ಅಲ್ಲ, ಅದರ ಆಚೆ ತುದಿಯಲ್ಲಿರುವ ಕಂಪ್ಯೂಟರ್‌ಗಳಿಗಾಗಿ.

ಈ ವ್ಯವಸ್ಥೆ ದೇಶದ ತುಂಬ ಶುರುವಾಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. 14 ಅಂಕಿಯ ನಂಬರ್ ಸಿಗುತ್ತದೆ. ಸೌಲಭ್ಯ ಇರುವ ಆಸ್ಪತ್ರೆಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಟೋಕನ್ ಬರುತ್ತದೆ, ವಯಸ್ಸಾದವರನ್ನು ಚೀಟಿಗಾಗಿ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಒಪ್ಪಿಗೆ ಕೇಳುವ ರೀತಿ. ಯಾವ ದಾಖಲೆ, ಯಾವ ಅವಧಿಯದ್ದು, ಎಲ್ಲಿಯವರೆಗೆ ನೋಡಬಹುದು ಅಂತ ನಾವೇ ಹೇಳಬಹುದು, ಬೇಡ ಅನ್ನಿಸಿದರೆ ವಾಪಸ್ ಪಡೆಯಬಹುದು. ದಾಖಲೆಗಳೆಲ್ಲ ದೆಹಲಿಯ ಒಂದೇ ಗೋದಾಮಿನಲ್ಲಿ ಇರುವುದಿಲ್ಲ, ಬರೆದ ಆಸ್ಪತ್ರೆ ಅಥವಾ ಲ್ಯಾಬಿನ ಬಳಿಯೇ ಉಳಿಯುತ್ತವೆ.

ನನ್ನ ಚಿಂತೆ ಇರುವುದೂ ಅಲ್ಲೇ. ದಾಖಲೆ ಆಸ್ಪತ್ರೆಯಲ್ಲಿದ್ದರೆ ಅದರ ಭದ್ರತೆಯೂ ಆ ಆಸ್ಪತ್ರೆಯದ್ದೇ ಅಲ್ವಾ? ನಾವು ಹೋಗುವ ಒಂದು ಕಡೆ ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ್ದಾರೆ, ಕೌಂಟರಿನವರೆಲ್ಲ ಅದರಲ್ಲೇ ಲಾಗಿನ್ ಆಗುತ್ತಾರೆ. ಒಂದು ದಿನ ಸರ್ವರ್ ಡೌನ್ ಆಗಿ, "ಅಮ್ಮಾ, ಹಳೇ ರಿಪೋರ್ಟ್ ಈಗ ಸಿಗಲ್ಲ, ನಾಳೆ ಬನ್ನಿ" ಅಂದುಬಿಟ್ಟರು. ಮಳೆಯಲ್ಲಿ ಬಸ್ ಹಿಡಿದು ಬಂದವರಿಗೆ ನಾಳೆ ಬನ್ನಿ ಅನ್ನುವುದು ಸಣ್ಣ ಮಾತಲ್ಲ.

ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ರ‍್ಯಾನ್ಸಮ್‌ವೇರ್ ದಾಳಿ (ಮಾಹಿತಿ ತೆರೆಯದಂತೆ ಮಾಡಿ, ಬಿಡಿಸಲು ದುಡ್ಡು ಕೇಳುವ ದಾಳಿ) ಆಗಿ ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಎರಡು ವಾರದ ಹತ್ತಿರ ಓಪಿಡಿ, ಲ್ಯಾಬ್ ಎಲ್ಲ ಕಾಗದದ ಮೇಲೇ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ಬೇರೆ ಬೇರೆ ಭಾಗ ಮಾಡಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ರೋಗಿಗಳ ನೋಂದಣಿ, ದಾಖಲೆ ನೋಡಿಕೊಳ್ಳುವ ಇ-ಹಾಸ್ಪಿಟಲ್ ಸಾಫ್ಟ್‌ವೇರಿನ ಮಾಹಿತಿ ವಾಪಸ್ ಸಿಕ್ಕಿದ್ದು ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರ್ ಇದ್ದದ್ದರಿಂದ. ಅಷ್ಟು ದೊಡ್ಡ ಜಾಗಕ್ಕೇ ಹೀಗಾದರೆ, ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರೇ ಇರುವ ನಮ್ಮ ಕಡೆಯ ನರ್ಸಿಂಗ್ ಹೋಮ್‌ಗಳ ಬಗ್ಗೆ ನನಗೆ ನಿಜವಾಗಿಯೂ ಭಯ ಇದೆ.

ನಮ್ಮಲ್ಲಿ ಸರ್ವರ್ ನಿಲ್ಲಲು ಹ್ಯಾಕರ್ರೇ ಬೇಕಂತಿಲ್ಲ. ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ. ಅದಕ್ಕೇ ಅಮ್ಮನ ಮಾತ್ರೆ ಪಟ್ಟಿ, ಅಲರ್ಜಿ, ಕೊನೆಯ ರಿಪೋರ್ಟ್ ಇಷ್ಟನ್ನು ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಹೊಸದಾಗಿ ಸೇರುವವರೂ ಹೀಗೇ ಮಾಡಿ. "ಹೆಲ್ತ್ ಕಾರ್ಡ್ ಅಪ್‌ಡೇಟ್, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಕಟ್ ಮಾಡಿ, ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಆಸ್ಪತ್ರೆಯವರನ್ನೂ ಕೇಳಿ: ಬ್ಯಾಕಪ್ ಬೇರೆ ಕಡೆ ಇದೆಯಾ, ಸಿಸ್ಟಮ್ ನಿಂತ ದಿನ ರಿಜಿಸ್ಟರಿನಲ್ಲಿ ಬರೆಯಲು ಸಿಬ್ಬಂದಿಗೆ ಅಭ್ಯಾಸ ಮಾಡಿಸಿದ್ದೀರಾ? ಹೌದು ಅನ್ನುವ ಆಸ್ಪತ್ರೆ ಸಿಕ್ಕರೆ ಇಲ್ಲಿ ಬರೆಯಿರಿ, ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.