ಚಾಮುಂಡಿಪುರಂನ ಬಾಡಿಗೆ ಮನೆ: ದಸರಾಕ್ಕೆ ಬರುವವರು ಓದಿ

ದಸರಾಕ್ಕೆ ಮನೆಮಂದಿಯೆಲ್ಲ ಮೈಸೂರಿಗೆ ಬರುವುದಾದರೆ ಮೂರು ನಾಲ್ಕು ಹೋಟೆಲ್ ರೂಮು ಹಿಡಿಯಬೇಡಿ. ಹಳೇ ಬಡಾವಣೆಯಲ್ಲಿ ಒಂದು ಪೂರ್ತಿ ಮನೆ ಸಿಗುತ್ತದಾ ನೋಡಿ. ಈ ಸಲ ನಮ್ಮ ಸೋದರತ್ತೆ ಮನೆಯವರು ಶಿವಮೊಗ್ಗದಿಂದ ಬಂದಿದ್ದರು, ಅತ್ತೆ, ಮಾವ, ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು. ಕುವೆಂಪುನಗರದ ನಮ್ಮ ಎರಡು ರೂಮಿನ ಮನೆಯಲ್ಲಿ ಅಷ್ಟು ಜನಕ್ಕೆ ಜಾಗ ಸಾಲದು. ಮನೆ ಹುಡುಕುವ ಕೆಲಸ ನನಗೆ ಬಂತು. ಕೊನೆಗೆ ಚಾಮುಂಡಿಪುರಂನ ಒಂದು ಅಡ್ಡರಸ್ತೆಯಲ್ಲಿ ಸಿಕ್ಕಿತು. ತುಂಬಾ ಒಳ್ಳೆಯ ಮನೆ. ಕೊರತೆಯೂ ಇದೆ, ಅದನ್ನೂ ಹೇಳುತ್ತೇನೆ.

ಮೊದಲು ಹುಡುಕಾಟದ ವಿಷಯ. ಆನ್‌ಲೈನ್‌ನಲ್ಲಿ ಯಾವ ಮನೆ ನೋಡಿದರೂ 'ಅರಮನೆಯಿಂದ ಹತ್ತೇ ನಿಮಿಷ' ಅಂತ ಬರೆದಿರುತ್ತಾರೆ. ರಿಂಗ್ ರಸ್ತೆ ಆಚೆ ಇರುವ ಮನೆಗೂ ಹತ್ತು ನಿಮಿಷ, ಇಲವಾಲದ ಹತ್ತಿರ ಇರುವ ಮನೆಗೂ ಹತ್ತು ನಿಮಿಷ! ಬೆಳಗಿನ ಜಾವ ಐದಕ್ಕೆ ಹೊರಟರೂ ಅಲ್ಲಿಂದ ಅಷ್ಟು ಬೇಗ ಬರಲು ಆಗುವುದಿಲ್ಲ. ದಸರಾ ಸಂಜೆ ಹೊತ್ತಲ್ಲಂತೂ ಕೇಳಲೇಬೇಡಿ. ದೀಪಾಲಂಕಾರ ನೋಡಲು ಇಡೀ ಊರು ಕೆ.ಆರ್. ಸರ್ಕಲ್ ಕಡೆಗೇ ಬರುತ್ತದೆ, ಎಷ್ಟೋ ರಸ್ತೆ ಒನ್ ವೇ ಮಾಡಿರುತ್ತಾರೆ, ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ವಿಜಯದಶಮಿ ದಿನ ಇನ್ನೂ ಕಷ್ಟ. ಜಂಬೂ ಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುತ್ತದೆ, ಸುಮಾರು ಐದು ಕಿಲೋಮೀಟರ್. ಆ ದಾರಿಯಲ್ಲಿ ಕಾರು ಆಟೋ ಯಾವುದನ್ನೂ ಬಿಡುವುದಿಲ್ಲ. ನಡೆದೇ ಹೋಗಬೇಕು, ನಡೆದೇ ಬರಬೇಕು. ನಮ್ಮತ್ತೆಗೆ ಮಂಡಿ ನೋವು. ಹಾಗಾಗಿ ನಾನು ಕಾರಿನಲ್ಲಿ ಎಷ್ಟು ಹೊತ್ತು ಅಂತ ಕೇಳುವುದನ್ನೇ ಬಿಟ್ಟು, ನಡೆದರೆ ಎಷ್ಟು ದೂರ ಅಂತ ಕೇಳಲು ಶುರು ಮಾಡಿದೆ. ಅರ್ಧ ಮನೆಗಳು ಅಲ್ಲೇ ಲಿಸ್ಟಿನಿಂದ ಹೋದವು.

ಉಳಿದವನ್ನು ಹೋಗಿ ನೋಡಿದೆ. ಒಂದು ಕಡೆ 'ಹತ್ತು ಜನ ಮಲಗಬಹುದು' ಅಂತ ಹಾಕಿದ್ದರು. ಹೋದರೆ ಎರಡು ಮಂಚ, ಮಿಕ್ಕವರಿಗೆ ಹಾಲಿನಲ್ಲಿ ತೆಳು ಹಾಸಿಗೆ. ಹುಡುಗರಾದರೆ ಸರಿ, ವಯಸ್ಸಾದವರು ನೆಲದಿಂದ ಏಳುವುದು ಹೇಗೆ? ಇನ್ನೊಬ್ಬರು ಫೋಟೊ ಕಳಿಸಿದ ಕೂಡಲೇ ಕ್ಯೂಆರ್ ಕೋಡ್ ಕಳಿಸಿ, ಪೂರ್ತಿ ದುಡ್ಡು ಇವತ್ತೇ ಹಾಕಿ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂದರು. ನಾನು ಇದೇ ಊರಿನವನು, ಅರ್ಧ ಗಂಟೆಯಲ್ಲಿ ಬಂದು ನೋಡಿ ಅಲ್ಲೇ ಕೊಡುತ್ತೇನೆ ಅಂದೆ. ಆಮೇಲೆ ಫೋನ್ ಎತ್ತಲೇ ಇಲ್ಲ. ದೂರದ ಊರಿನಿಂದ ಬರುವವರಿಗೆ ಎಷ್ಟು ಮೋಸ ಆಗುತ್ತಿರಬಹುದು ಅಂತ ಯೋಚಿಸಿದರೆ ಸಿಟ್ಟು ಬರುತ್ತದೆ. ಮೈಸೂರಿನಲ್ಲಿ ನಿಮ್ಮವರು ಯಾರೇ ಇದ್ದರೂ ಒಮ್ಮೆ ಹೋಗಿ ನೋಡಲು ಹೇಳಿ. ಯಾರೂ ಇಲ್ಲವಾ, ವಿಡಿಯೋ ಕಾಲ್ ಮಾಡಿಸಿ, ಗೇಟಿನಿಂದ ಶುರು ಮಾಡಿ ಬಚ್ಚಲು ಮನೆವರೆಗೂ ತೋರಿಸಿ ಅನ್ನಿ. ಮನೆ ನಿಜವಾಗಿ ಇದ್ದರೆ ತೋರಿಸಲು ಅವರಿಗೇನು ಕಷ್ಟ, ಅಲ್ವಾ?

ಈಗ ಚಾಮುಂಡಿಪುರಂ ಮನೆ. ಕೆಳಗಿನ ಮನೆ ಬಾಡಿಗೆಗೆ, ಮಾಲೀಕರು ಮೇಲೆ ಇದ್ದಾರೆ. ರಿಟೈರ್ ಆದ ಟೀಚರ್. ಎರಡು ರೂಮು, ದೊಡ್ಡ ಹಾಲು, ಕೆಂಪು ರೆಡ್ ಆಕ್ಸೈಡ್ ನೆಲ, ಮುಂದೆ ಕೂರಲು ಜಗಲಿ. ರೂಮಿಗೆ ಎರಡೆರಡು ಮಂಚ, ಹಾಲಿನಲ್ಲಿ ದಿವಾನ. ಅಡುಗೆ ಮನೆಯಲ್ಲಿ ಗ್ಯಾಸ್, ಕುಕ್ಕರ್, ಮಿಕ್ಸಿ, ಕಾಫಿ ಫಿಲ್ಟರ್ ಎಲ್ಲ ಇತ್ತು. ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದ ಒಂದು ಹಾಳೆ. ದುಂಡಗಿನ ಕೈಬರಹ. ಯಾವ ಸ್ವಿಚ್ಚು ಯಾವುದಕ್ಕೆ, ಕಸದ ಗಾಡಿ ಎಷ್ಟು ಹೊತ್ತಿಗೆ, ಕುಡಿಯುವ ನೀರು ಯಾವ ನಲ್ಲಿಯದು, ರಾತ್ರಿ ಔಷಧಿ ಅಂಗಡಿ ಎಲ್ಲಿ ತೆರೆದಿರುತ್ತದೆ ಎಂದೆಲ್ಲ ಬರೆದಿದ್ದರು. ಬಂದವರಿಗೆ ಏನು ಬೇಕಾಗಬಹುದು ಅಂತ ಕೂತು ಯೋಚಿಸಿ ಬರೆದ ಹಾಳೆ ಅದು.

ಅರಮನೆಗೆ ಸುಮಾರು ಎರಡು ಕಿಲೋಮೀಟರ್. ಅತ್ತೆ ರಾಮಾನುಜ ರಸ್ತೆಯಲ್ಲಿ ನಿಧಾನವಾಗಿ ನಡೆದು, ಅಗ್ರಹಾರದಲ್ಲಿ ಒಂದು ಕಡೆ ಕೂತು ಎದ್ದು, ಆರಾಮಾಗಿ ತಲುಪಿದರು. ಜಂಬೂ ಸವಾರಿ ದಿನವೂ ಅಷ್ಟೇ. ವಾಪಸು ಬರುವಾಗ ಜನ ಆಟೋಗಾಗಿ ಪರದಾಡುತ್ತಿದ್ದರು, ಇವರು ಮನೆಗೆ ಬಂದು ಅನ್ನ ಸಾರು ಮಾಡಿಕೊಂಡು ಉಂಡರು. ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿನಿಂದ ಬಸ್ಸು ಹಿಡಿದರು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಹತ್ತುವುದು ಅತ್ತೆ ಕೈಲಿ ಆಗದ ಮಾತು.

ಮೇಲಿನ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಮಕ್ಕಳನ್ನು ಸಂಜೆ ಕರೆದು ಪಟ್ಟದ ಗೊಂಬೆ ತೋರಿಸಿ, ಕೈಗೆ ಬೊಂಬೆ ಬಾಗಿನ ಕೊಟ್ಟು ಕಳಿಸಿದರು. ಮಾರನೇ ದಿನದಿಂದ ಐದು ಗಂಟೆ ಆಯಿತು ಅಂದರೆ ಮಕ್ಕಳು ಮೆಟ್ಟಿಲ ಹತ್ತಿರವೇ ಇರುತ್ತಿದ್ದರು. ಇದು ಯಾವ ಹೋಟೆಲ್ಲಿನಲ್ಲಿ ಸಿಗುತ್ತದೆ ಹೇಳಿ.

ಕೊರತೆ ಅಂದೆನಲ್ಲ. ಬಚ್ಚಲು ಮನೆ ಒಂದೇ. ಸೋಲಾರ್ ಬಿಸಿನೀರು ಬೆಳಿಗ್ಗೆ ನಾಲ್ಕೈದು ಜನಕ್ಕೆ ಆಗುತ್ತದೆ, ಆಮೇಲೆ ತಣ್ಣೀರು. ಗೀಸರ್ ಹಾಕಿಸಲೇಬೇಕು, ಮಾಲೀಕರಿಗೂ ಹೇಳಿದ್ದೇನೆ. ರಸ್ತೆ ಕಿರಿದು, ಕಾರನ್ನು ಪಕ್ಕದ ರಸ್ತೆಯಲ್ಲಿ ನಿಲ್ಲಿಸಬೇಕಾಯಿತು. ಸಂಜೆ ಕಿಟಕಿ ಹಾಕದಿದ್ದರೆ ಸೊಳ್ಳೆ. ಹೊರಡುವ ದಿನ ಹತ್ತು ಗಂಟೆಗೇ ಖಾಲಿ ಮಾಡಬೇಕು ಅನ್ನುವುದು ಮಕ್ಕಳಿರುವವರಿಗೆ ಸ್ವಲ್ಪ ಕಷ್ಟ.

ಬಾಡಿಗೆ ದಿನಕ್ಕೆ 5,500 ರೂಪಾಯಿ, ದಸರಾ ರೇಟು. ಮಾಮೂಲಿ ದಿನಗಳಲ್ಲಿ 3,000 ಅಂದರು. ಜಾಸ್ತಿ ಅನ್ನಿಸಬಹುದು, ಆದರೆ ಎರಡು ಸಂಸಾರದವರು ಮಕ್ಕಳ ಸಮೇತ ಇದ್ದರು, ತಿಂಡಿ ಊಟ ಹೆಚ್ಚಾಗಿ ಮನೆಯಲ್ಲೇ ಆಯಿತು. ಮುಂಗಡ ಕಾಲು ಭಾಗ ಮಾತ್ರ ತಗೊಂಡರು, ಉಳಿದದ್ದು ಕೀಲಿ ಕೊಡುವಾಗ. ದೊಡ್ಡವರೆಲ್ಲರ ಆಧಾರ್ ಪ್ರತಿ ಕೇಳುತ್ತಾರೆ, ತಂದಿಟ್ಟುಕೊಳ್ಳಿ. ಪಾರ್ಟಿ ಮಾಡುವವರಿಗೆ ಕೊಡುವುದಿಲ್ಲ. ದಸರಾಕ್ಕೆ ಬೇಕಾದರೆ ಗಣೇಶನ ಹಬ್ಬಕ್ಕೆ ಮುಂಚೆಯೇ ಮಾತಾಡಿ. ನಾನು ಹಬ್ಬ ಮುಗಿದ ಮೇಲೆ ಕೇಳಿದೆ, ಮೊದಲೇ ಹೇಳಿದ್ದವರು ಯಾರೋ ಬಿಟ್ಟಿದ್ದರಿಂದ ನಮಗೆ ಸಿಕ್ಕಿತು.