ನಾರ್ಥ್‌ಈಸ್ಟರ್ ಡೋರಿ: ಮನೆಯಲ್ಲಿ ಕಟ್ಟುವ ಹಾಯಿದೋಣಿಯ ಕಿಟ್ ಹೇಗಿದೆ?

ಬಡಗಿ ಕೆಲಸದ ತರಬೇತಿಯಿಲ್ಲದೆಯೂ ಮನೆಯಲ್ಲೇ ಒಂದು ಮರದ ಹಾಯಿದೋಣಿ ಕಟ್ಟಬೇಕೆಂಬ ಆಸೆಯುಳ್ಳವರಿಗೆ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿರುವ ಚೆಸಪೀಕ್ ಲೈಟ್ ಕ್ರಾಫ್ಟ್ ಸಂಸ್ಥೆಯ ನಾರ್ಥ್‌ಈಸ್ಟರ್ ಡೋರಿ ಎಂಬ ಕಿಟ್ಟನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಬಾಲ್ಟಿಮೋರ್ ಸಮೀಪದ ನಮ್ಮ ಮನೆಯ ಗ್ಯಾರೇಜಿನಲ್ಲಿ ಇದನ್ನು ಕಟ್ಟಿ, ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ ಹುಟ್ಟು ಹಾಕಿಯೂ ಹಾಯಿ ಬಿಚ್ಚಿಯೂ ಓಡಿಸಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ. ಆದರೆ ಕಿಟ್ ಎಂಬ ಪದ ಕೇಳಿದೊಡನೆ ಕೆಲಸದ ಬಹುಪಾಲು ಕಾರ್ಖಾನೆಯಲ್ಲೇ ಮುಗಿದಿರುತ್ತದೆ ಎಂದು ಭಾವಿಸುವವರು ಬಹಳ ಮಂದಿ. ಯಾವ ಶ್ರಮವನ್ನು ಈ ಕಿಟ್ ಉಳಿಸುತ್ತದೆ, ಯಾವುದನ್ನು ಸ್ವಲ್ಪವೂ ಉಳಿಸುವುದಿಲ್ಲ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಡೋರಿ ಎಂಬುದು ಅಮೆರಿಕದ ಈಶಾನ್ಯ ಕರಾವಳಿಯ, ಅಂದರೆ ನ್ಯೂ ಇಂಗ್ಲೆಂಡ್ ಪ್ರದೇಶದ ಬೆಸ್ತರ ದೋಣಿ. ಚಪ್ಪಟೆಯಾದ ಕಿರಿದಾದ ತಳ, ಮೇಲೇರಿದಂತೆ ಹೊರಗೆ ಚಾಚಿಕೊಳ್ಳುವ ಪಕ್ಕಗಳು, ಹಿಂಬದಿಯಲ್ಲಿ ಗೋರಿಕಲ್ಲಿನಂಥ ಕಿರಿದಾದ ಹಲಗೆ, ಇವು ಅದರ ಗುರುತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡ್ ಮೀನಿಗಾಗಿ ದೂರದ ಸಾಗರಕ್ಕೆ ಹೋಗುತ್ತಿದ್ದ ಸ್ಕೂನರ್ ಹಡಗುಗಳು ಇಂಥ ದೋಣಿಗಳ ಅಡ್ಡಹಲಗೆಗಳನ್ನು ಕಳಚಿ, ಒಂದರೊಳಗೊಂದು ಕೂರುವಂತೆ ಅಟ್ಟದ ಮೇಲೆ ಪೇರಿಸಿ ಒಯ್ಯುತ್ತಿದ್ದವು. ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ 1793ರಲ್ಲಿ ಆರಂಭವಾದ ಲೋವೆಲ್ಸ್ ಬೋಟ್ ಶಾಪ್ ಡೋರಿಗಳಿಗೆ ಹೆಸರಾದದ್ದು, ಮತ್ತು ಅಲ್ಲಿ ಇಂದಿಗೂ ಮರದ ದೋಣಿಗಳು ತಯಾರಾಗುತ್ತವೆ. ಜಾನ್ ಸಿ. ಹ್ಯಾರಿಸ್ ವಿನ್ಯಾಸಗೊಳಿಸಿದ ನಾರ್ಥ್‌ಈಸ್ಟರ್ ಈ ವಂಶಕ್ಕೆ ಸೇರಿದ್ದು. ಅದರ ಪಕ್ಕಗಳು ಹಳೆಯ ಮೀನುಗಾರಿಕೆಯ ಡೋರಿಯಷ್ಟು ನೇರವಾಗಿಲ್ಲ, ತುಸು ಗುಂಡಾಗಿವೆ. ಈ ವಿಷಯದಲ್ಲಿ ಅದು ದಡದಿಂದಲೇ ನೀರಿಗಿಳಿಯುತ್ತಿದ್ದ ಸ್ವಾಂಪ್‌ಸ್ಕಾಟ್ ಡೋರಿಗಳಿಗೆ ಹತ್ತಿರವಾಗಿದೆ ಎಂದು ನನ್ನ ಎಣಿಕೆ. ಉದ್ದ 17 ಅಡಿ, ಒಡಲಿನ ತೂಕ ಸುಮಾರು 100 ಪೌಂಡ್, ಅಂದರೆ 45 ಕಿಲೋ. ಇಬ್ಬರು ಎತ್ತಿ ಕಾರಿನ ಮೇಲೆ ಇಡಬಹುದಾದ, ಮನೆಮಂದಿ ಕುಳಿತು ಹೋಗಬಹುದಾದ ದೋಣಿ ಇಷ್ಟು ಹಗುರವಾಗಿರುವುದು ಅದರ ದೊಡ್ಡ ಗುಣ.

ಕಿಟ್ಟಿನ ಪೆಟ್ಟಿಗೆ ತೆರೆದಾಗ ಕಾಣುವುದು ಒಕುಮೆ ಎಂಬ ಮರದ ಮೆರೈನ್ ಪ್ಲೈವುಡ್ಡಿನ ಹಲಗೆಗಳು. ಗಬಾನ್ ದೇಶದ ಕಡೆಯಿಂದ ಬರುವ ಈ ಮರ ಬಹಳ ಹಗುರ, ನಸುಗೆಂಪು ಬಣ್ಣದ್ದು. ಬಿಎಸ್ 1088 ಎಂಬ ಬ್ರಿಟಿಷ್ ಮಾನಕಕ್ಕೆ ಅನುಗುಣವಾದ ಪ್ಲೈವುಡ್ ಆದ್ದರಿಂದ ಒಳಪದರಗಳಲ್ಲಿ ಟೊಳ್ಳು ಇರುವುದಿಲ್ಲ. ಕಂಪ್ಯೂಟರ್ ನಿಯಂತ್ರಿತ ಯಂತ್ರ ಕತ್ತರಿಸಿದ ಹಲಗೆಗಳ ಅಂಚು ಎಷ್ಟು ನಿಖರವೆಂದರೆ, ಉದ್ದದ ಹಲಗೆಯೊಂದನ್ನು ಮಾಡಲು ಎರಡು ತುಂಡುಗಳನ್ನು ಸೇರಿಸುವ ಕಡೆ ಇರುವ ಒಗಟಿನ ಬಿಲ್ಲೆಯಂಥ ಕೊಂಡಿಗಳು ಒಂದು ದಿಕ್ಕಿನಲ್ಲಷ್ಟೇ ಕೂರುತ್ತವೆ, ತಪ್ಪಿಸಿ ಕೂರಿಸಲು ಆಗುವುದೇ ಇಲ್ಲ. ಎಪಾಕ್ಸಿ ಅಂಟು, ಫೈಬರ್‌ಗ್ಲಾಸ್ ಬಟ್ಟೆ, ತಾಮ್ರದ ತಂತಿ, ಮೇಲಂಚಿನ ಪಟ್ಟಿಗಳ ಮರ ಮತ್ತು ಹಂತ ಹಂತದ ಚಿತ್ರಗಳಿರುವ ದಪ್ಪನೆಯ ಕೈಪಿಡಿ ಜೊತೆಗಿರುತ್ತವೆ. ಬಣ್ಣ, ವಾರ್ನಿಷ್, ಮರಳು ಕಾಗದ, ಕೈಗವಸು, ಕುಂಚಗಳನ್ನು ನಾವೇ ತರಬೇಕು. ಇನ್ನೊಂದು ಮುಖ್ಯ ವಿಷಯ: ಹಾಯಿ, ಹಾಯಿಕಂಬ, ಚುಕ್ಕಾಣಿ ಮೊದಲಾದವುಗಳ ಕಿಟ್ ಬೇರೆ, ಅದರ ಬೆಲೆಯೂ ಬೇರೆ. ಹಾಯಿ ಹಾಕುವ ಉದ್ದೇಶವಿದ್ದರೆ ಎರಡನ್ನೂ ಒಟ್ಟಿಗೆ ತರಿಸಿಕೊಳ್ಳುವುದೇ ಜಾಣತನ, ಏಕೆಂದರೆ ನೀರಿನೊಳಕ್ಕೆ ಇಳಿಯುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಗಾಗಿ ತಳದಲ್ಲಿ ಸೀಳು ಬಿಟ್ಟು ಅದರ ಸುತ್ತ ಗೂಡು ಕಟ್ಟುವ ಕೆಲಸ ಒಡಲಿನೊಂದಿಗೇ ನಡೆದರೆ ಸಲೀಸು.

ಈ ದೋಣಿಯನ್ನು ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಿಟ್ಟಿನ ನಿಜವಾದ ಬೆಲೆ ಇರುವುದು ಅಲ್ಲಿ. ಉತ್ತರ ಯುರೋಪಿನ ಮರದ ದೋಣಿಗಳಲ್ಲಿ ಒಂದು ಹಲಗೆಯ ಅಂಚಿನ ಮೇಲೆ ಇನ್ನೊಂದು ಹಲಗೆ ಹೊದ್ದುಕೊಂಡು ಕೂರುತ್ತದೆ. ಕ್ಲಿಂಕರ್ ಅಥವಾ ಲ್ಯಾಪ್‌ಸ್ಟ್ರೇಕ್ ಎಂದು ಕರೆಯುವ ಈ ಪದ್ಧತಿಯ ನಾರ್ಡಿಕ್ ಪರಂಪರೆಯನ್ನು ಯುನೆಸ್ಕೊ 2021ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೀಗೆ ಹೊದಿಸುವಾಗ ಪ್ರತಿ ಹಲಗೆಯ ಅಂಚನ್ನೂ ಉದ್ದಕ್ಕೂ ಬದಲಾಗುತ್ತ ಹೋಗುವ ಕೋನದಲ್ಲಿ ಕೆತ್ತಬೇಕು. ವರ್ಷಗಟ್ಟಲೆ ಕಲಿತ ಕೈಗಳಷ್ಟೇ ಮಾಡಬಲ್ಲ ಕೆಲಸ ಅದು. ಈ ಕಿಟ್ಟಿನಲ್ಲಿ ಹಲಗೆಯ ಕೆಳ ಅಂಚಿನ ಒಳಬದಿಯಲ್ಲಿ ಯಂತ್ರವೇ ಒಂದು ಉದ್ದನೆಯ ಕಚ್ಚನ್ನು ಕೊರೆದಿಟ್ಟಿರುತ್ತದೆ. ಕೆಳಗಿನ ಹಲಗೆಯ ಅಂಚು ಆ ಕಚ್ಚಿನೊಳಗೆ ಬಂದು ಕೂರುತ್ತದೆ, ಕೋನ ತನ್ನಷ್ಟಕ್ಕೆ ತಾನೇ ಒದಗುತ್ತದೆ. ಲ್ಯಾಪ್‌ಸ್ಟಿಚ್ ಎಂದು ಸಂಸ್ಥೆ ಹೆಸರಿಟ್ಟಿರುವ ಈ ಉಪಾಯದಿಂದಾಗಿ ಅಚ್ಚಿನ ಚೌಕಟ್ಟು ಬೇಡ, ನಕ್ಷೆಯನ್ನು ನೆಲದ ಮೇಲೆ ಪೂರ್ಣ ಗಾತ್ರದಲ್ಲಿ ಬಿಡಿಸಿಕೊಳ್ಳುವ ಅಗತ್ಯವೂ ಇಲ್ಲ.

ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿಯುವುದು ಇಡೀ ಕೆಲಸದ ಅತ್ಯಂತ ಸಂತೋಷದ ಭಾಗ. ಅಂಚಿನುದ್ದಕ್ಕೂ ಜೋಡಿ ರಂಧ್ರಗಳಿರುತ್ತವೆ. ಗೇಣುದ್ದಕ್ಕಿಂತ ಚಿಕ್ಕದಾದ ತಂತಿಯ ತುಂಡನ್ನು ಒಳಗಿನಿಂದ ಹೊರಕ್ಕೆ ತೂರಿಸಿ, ಎರಡು ತುದಿಗಳನ್ನು ಇಕ್ಕಳದಿಂದ ಮೆಲ್ಲಗೆ ತಿರುಚಬೇಕು. ಮೊದಲು ಎಲ್ಲ ಹೊಲಿಗೆಗಳನ್ನೂ ಸಡಿಲವಾಗಿಯೇ ಬಿಟ್ಟು, ಆಮೇಲೆ ನಡುವಿನಿಂದ ತುದಿಗಳ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಹೋದರೆ, ಅಲ್ಲಿಯವರೆಗೆ ಜೋಲಾಡುತ್ತಿದ್ದ ಹಲಗೆಗಳ ರಾಶಿ ನೋಡನೋಡುತ್ತಿದ್ದಂತೆ ಬಿಲ್ಲಿನಂತೆ ಬಾಗಿ ದೋಣಿಯ ಆಕಾರಕ್ಕೆ ಬಂದು ನಿಲ್ಲುತ್ತದೆ. ಒಂದೇ ಮಧ್ಯಾಹ್ನದಲ್ಲಿ ಇದು ಆಗುವುದನ್ನು ಕಣ್ಣಾರೆ ಕಾಣುವುದಕ್ಕಾಗಿಯೇ ಈ ಕಿಟ್ ಕೊಳ್ಳಬಹುದು ಎಂದರೆ ಅತಿಶಯೋಕ್ತಿಯಲ್ಲ. ಅಂಟು ಹಾಕುವ ಮೊದಲು ಮಾತ್ರ ಒಂದು ಪರೀಕ್ಷೆ ತಪ್ಪದೆ ಆಗಬೇಕು. ಮುಂಬದಿಗೂ ಹಿಂಬದಿಗೂ ಅಡ್ಡಲಾಗಿ ಒಂದೊಂದು ನೇರ ಪಟ್ಟಿಯಿಟ್ಟು, ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದರೆ ಎರಡು ಪಟ್ಟಿಗಳೂ ಸಮಾನಾಂತರವಾಗಿ ಕಾಣಬೇಕು. ಓರೆಯಾಗಿ ಕಂಡರೆ ದೋಣಿ ತಿರುಚಿಕೊಂಡಿದೆ ಎಂದರ್ಥ. ಎಪಾಕ್ಸಿ ಗಟ್ಟಿಯಾದ ಮೇಲೆ ಆ ತಿರುಚನ್ನು ಸರಿಪಡಿಸಲು ಯಾರಿಂದಲೂ ಸಾಧ್ಯವಿಲ್ಲ.

ನಮ್ಮ ಪಶ್ಚಿಮ ಕರಾವಳಿಯ ಓದುಗರಿಗೆ ಹಲಗೆ ಹೊಲಿಯುವುದು ಹೊಸ ಸಂಗತಿಯೇನೂ ಅಲ್ಲ. ತೆಂಗಿನ ನಾರಿನ ಹುರಿಯಿಂದ ಹಲಗೆ ಹೊಲಿದು ಹಡಗು ಕಟ್ಟುವ ವಿದ್ಯೆ ಅರಬ್ಬಿ ಸಮುದ್ರದ ದಡಗಳಲ್ಲಿ ಶತಮಾನಗಳಿಂದ ಇತ್ತು. ಅದೇ ಕ್ರಮದಲ್ಲಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ಆದರೆ ಎರಡರ ತತ್ತ್ವ ಬೇರೆ. ಕೌಂಡಿನ್ಯದಲ್ಲಿ ಹುರಿಯೇ ಹಡಗಿನ ಬಲ, ಅಲೆಯ ಹೊಡೆತಕ್ಕೆ ಅದು ತುಸು ಬಾಗಿ ಕೊಡುತ್ತದೆ. ಡೋರಿಯಲ್ಲಿ ತಂತಿ ತಾತ್ಕಾಲಿಕ, ಎಪಾಕ್ಸಿ ಕಚ್ಚಿಕೊಂಡ ನಂತರ ಅದನ್ನು ಕಿತ್ತು ಹಾಕುತ್ತೇವೆ, ಆಮೇಲೆ ಇಡೀ ಒಡಲು ಒಂದೇ ಚಿಪ್ಪಿನಂತೆ ಬಿಗಿಯಾಗಿರುತ್ತದೆ. ಆದ್ದರಿಂದ ಈ ದೋಣಿಯನ್ನು ಸಾಂಪ್ರದಾಯಿಕ ಎಂದು ಕರೆಯುವಾಗ ಸಂಪ್ರದಾಯ ಇರುವುದು ಆಕಾರದಲ್ಲಿ, ಓಟದಲ್ಲಿ, ಹಾಯಿಯಲ್ಲಿ. ಕಟ್ಟುವ ವಿಧಾನ ಪೂರ್ತಿ ಇಂದಿನದು. ಇದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ಮರದ ದೋಣಿ ಕಟ್ಟುವ ಮನೆಗಳು ಎಲ್ಲೆಡೆ ಕಡಿಮೆಯಾಗುತ್ತಿರುವಾಗ, ಆ ಆಕಾರವನ್ನು ಸಾಮಾನ್ಯರ ಗ್ಯಾರೇಜುಗಳಲ್ಲಿ ಉಳಿಸುತ್ತಿರುವ ಮಾರ್ಗ ಇದು.

ಇನ್ನು ಕಿಟ್ ಉಳಿಸದ ಶ್ರಮದ ಮಾತು. ಹಲಗೆಗಳು ಸೇರುವ ಒಳಮೂಲೆಗಳಲ್ಲಿ ಎಪಾಕ್ಸಿಗೆ ಮರದ ಹಿಟ್ಟು ಬೆರೆಸಿ ಗಿಲಾವಿನಂತೆ ತುಂಬಬೇಕು. ಈ ಮಿಶ್ರಣ ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಹೋಳಿಗೆಯ ಹೂರಣಕ್ಕಿಂತ ಸಡಿಲವಾಗಿ ಇದ್ದರೆ ಸರಿ. ತೆಳುವಾದರೆ ಜಾರಿ ಇಳಿಯುತ್ತದೆ, ಗಟ್ಟಿಯಾದರೆ ಮೂಲೆಗೆ ಅಂಟುವುದಿಲ್ಲ. ಕಲಸಿದ ಎಪಾಕ್ಸಿಯನ್ನು ಕಪ್ಪಿನಲ್ಲಿ ಹಾಗೆಯೇ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯಾಡುತ್ತದೆ. ಅಗಲವಾದ ತಟ್ಟೆಗೆ ಸುರಿದುಕೊಂಡರೆ ನಿಧಾನವಾಗಿ ಕೆಲಸ ಮಾಡಲು ಸಮಯ ಸಿಗುತ್ತದೆ. ಆಮೇಲೆ ಬರುವುದು ಉಜ್ಜುವ ಕೆಲಸ. ಪ್ರತಿ ಲೇಪದ ನಡುವೆ, ಒಳಗೆ, ಹೊರಗೆ, ಹಲಗೆಯ ಹೊದಿಕೆಯ ಕೆಳಗಿನ ಪ್ರತಿ ಸಂದಿನಲ್ಲಿ ಉಜ್ಜಬೇಕು. ಹೊಲಿಗೆ ಮುಗಿದು ದೋಣಿ ಪೂರ್ಣವಾದಂತೆ ಕಂಡಾಗ ಕೆಲಸ ಇನ್ನೂ ಅರ್ಧವೂ ಆಗಿರುವುದಿಲ್ಲ ಎಂಬುದನ್ನು ಹೊಸಬರು ಮನಸ್ಸಿಗೆ ತಂದುಕೊಳ್ಳಬೇಕು. ವಾರಾಂತ್ಯಗಳಷ್ಟೇ ಬಿಡುವಿರುವವರಿಗೆ ತಿಂಗಳುಗಳೇ ಹಿಡಿಯುತ್ತವೆ. ಧೂಳಿಗೆ ಒಳ್ಳೆಯ ಮುಖಗವಸು, ಕೈಗೆ ನೈಟ್ರೈಲ್ ಗವಸು ಕಡ್ಡಾಯ, ಏಕೆಂದರೆ ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಗುಲಿದರೆ ಕೆಲವರಿಗೆ ಜೀವನಪರ್ಯಂತದ ಅಲರ್ಜಿ ಅಂಟಿಕೊಳ್ಳುತ್ತದೆ.

ನೀರಿನ ಮೇಲೆ ಡೋರಿಯ ಸ್ವಭಾವ ಮೊದಲ ಕ್ಷಣದಲ್ಲಿ ಸ್ವಲ್ಪ ದಿಗಿಲು ಹುಟ್ಟಿಸುತ್ತದೆ. ತಳ ಕಿರಿದಾದ್ದರಿಂದ ಕಾಲಿಟ್ಟ ಕೂಡಲೇ ಒಂದು ಕಡೆಗೆ ವಾಲುತ್ತದೆ. ವಾಲಿದಂತೆಲ್ಲ ಹೊರಚಾಚಿದ ಪಕ್ಕ ನೀರಿಗೆ ತಾಗಿ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ, ಭಾರ ಹೆಚ್ಚಿದಷ್ಟೂ ಅದು ಸ್ಥಿರವಾಗುತ್ತದೆ. ಮೀನು ತುಂಬಿಕೊಂಡು ಹಿಂದಿರುಗಬೇಕಿದ್ದ ದೋಣಿಯ ವಂಶದ ಗುಣ ಇದು. ಹುಟ್ಟು ಹಾಕಿದರೆ ಈ ಉದ್ದದ ದೋಣಿ ಸರಾಗವಾಗಿ ಸಾಗುತ್ತದೆ, ಹುಟ್ಟು ಎತ್ತಿದ ಮೇಲೂ ಬಹಳ ದೂರ ಜಾರಿಕೊಂಡು ಹೋಗುತ್ತದೆ.

ಹಾಯಿಗೆ ಎರಡು ಬಗೆಯ ಆಯ್ಕೆಗಳಿವೆ: ಒಂದೇ ಹಾಯಿಯ ಲಗ್, ಎರಡು ಹಾಯಿಗಳ ಸ್ಲೂಪ್. ಒಬ್ಬರೇ ಓಡಿಸುವುದಾದರೆ ಲಗ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಯಿಕಂಬ ಗಿಡ್ಡ, ಹಗ್ಗಗಳು ಕಡಿಮೆ, ಗಾಳಿ ಜೋರಾದರೆ ಹಾಯಿಯನ್ನು ಕ್ಷಣದಲ್ಲಿ ಇಳಿಸಬಹುದು. ಲಗ್ ಹಾಯಿಯ ಗುಟ್ಟೆಲ್ಲ ಮುಂದಿನ ಅಂಚನ್ನು ಕೆಳಕ್ಕೆ ಎಳೆಯುವ ಹಗ್ಗದಲ್ಲಿದೆ. ಹಾಯಿಯ ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಓರೆಯಾಗಿ ನೆರಿಗೆ ಕಂಡರೆ ಆ ಹಗ್ಗ ಸಡಿಲವಾಗಿದೆ ಎಂದು ತಿಳಿದು, ನೆರಿಗೆ ಮಾಯವಾಗುವವರೆಗೆ ಎಳೆದು ಕಟ್ಟಬೇಕು. ಆಗ ಗಾಳಿಗೆದುರಾಗಿ ದೋಣಿ ಏರುವ ರೀತಿಯೇ ಬದಲಾಗುತ್ತದೆ. ಡ್ಯಾಗರ್‌ಬೋರ್ಡಿನ ಗೂಡು ನಡುವಿನ ಜಾಗವನ್ನು ತಿನ್ನುವುದು ನಿಜ, ಮಕ್ಕಳನ್ನು ಕೂರಿಸುವಾಗ ಅದು ಅಡ್ಡಿಯೆನಿಸುತ್ತದೆ. ಆದರೆ ಅದಿಲ್ಲದೆ ಚಪ್ಪಟೆ ತಳದ ದೋಣಿ ಗಾಳಿಗೆ ಅಡ್ಡಡ್ಡ ಜಾರುತ್ತದೆ.

ಭಾರತದಲ್ಲಿರುವ ಕನ್ನಡಿಗರು ಇಷ್ಟುದ್ದದ ಕಿಟ್ಟನ್ನು ತರಿಸಿಕೊಳ್ಳುವುದು ಸಾಗಣೆ ಮತ್ತು ಸುಂಕದ ದೃಷ್ಟಿಯಿಂದ ಲಾಭಕರವಾಗಲಾರದು. ಸಂಸ್ಥೆ ನಕ್ಷೆಗಳನ್ನು ಪ್ರತ್ಯೇಕವಾಗಿಯೂ ಮಾರುತ್ತದೆ. ಊರಿನಲ್ಲಿ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಸಿಗುತ್ತದೆ, ಆದರೆ ಗರ್ಜನ್ ಮರದ ಪದರಗಳಿಂದ ಮಾಡಿದ್ದು ಒಕುಮೆಗಿಂತ ಸಾಕಷ್ಟು ಭಾರ, ಹಾಗಾಗಿ 45 ಕಿಲೋ ತೂಕದ ನಿರೀಕ್ಷೆ ಇಟ್ಟುಕೊಳ್ಳಬಾರದು. ಕುಂದಾಪುರ, ಮಂಗಳೂರುಗಳ ಸೆಕೆಯಲ್ಲಿ ಎಪಾಕ್ಸಿ ಬೇಗ ಗಟ್ಟಿಯಾಗುವುದರಿಂದ ಅದನ್ನು ನಿಧಾನವಾಗಿ ಗಟ್ಟಿಗೊಳಿಸುವ ಹಾರ್ಡ್‌ನರ್ ಎಂಬ ಬೆರಕೆಯನ್ನು ಆರಿಸಿ, ಮುಂಜಾನೆಯ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು. ಮಳೆಗಾಲದಲ್ಲಿ ಅಂಟಿನ ಕೆಲಸವನ್ನೇ ಮುಂದೂಡುವುದು ಉತ್ತಮ. ಅಂಚುಪಟ್ಟಿಗೆ ಸಾಗುವಾನಿ ಬಳಸುವವರು ಅದರ ಎಣ್ಣೆಯಂಶವನ್ನು ದ್ರಾವಕದಿಂದ ಒರೆಸಿಯೇ ಅಂಟು ಹಚ್ಚಬೇಕು, ಇಲ್ಲವಾದರೆ ಹಿಡಿತ ಸಾಲದು.

ಕೊಂಡವರು ಗಮನದಲ್ಲಿಡಬೇಕಾದ ಆರೈಕೆ ಹೆಚ್ಚಿಲ್ಲ, ಆದರೆ ತಪ್ಪಿಸುವಂತಿಲ್ಲ. ಒಕುಮೆ ತಾನಾಗಿ ಕೊಳೆಯುವಿಕೆಯನ್ನು ತಡೆಯುವ ಮರವಲ್ಲ, ಎಪಾಕ್ಸಿಯ ಹೊದಿಕೆಯೇ ಅದಕ್ಕೆ ರಕ್ಷಣೆ. ಆ ಎಪಾಕ್ಸಿಗೆ ಬಿಸಿಲು ಶತ್ರು, ಆದ್ದರಿಂದ ಅದರ ಮೇಲೆ ಬಣ್ಣವನ್ನಾಗಲಿ ಬಿಸಿಲು ತಡೆಯುವ ವಾರ್ನಿಷನ್ನಾಗಲಿ ಹಚ್ಚಲೇಬೇಕು. ಕಲ್ಲಿನ ದಡಕ್ಕೆ ತಾಗಿ ಮರ ಕಾಣುವಷ್ಟು ಗೀರು ಬಿದ್ದರೆ ಅದನ್ನು ಒಣಗಿಸಿ, ಉಜ್ಜಿ, ಮುಂದಿನ ಸಲ ನೀರಿಗಿಳಿಸುವ ಮೊದಲೇ ಎಪಾಕ್ಸಿ ತುಂಬಿ ಬಣ್ಣ ಬಳಿಯಬೇಕು. ದೋಣಿಯನ್ನು ಬೋರಲಾಗಿ, ನೆಲಕ್ಕೆ ತಾಗದಂತೆ ಎರಡು ಆಧಾರಗಳ ಮೇಲೆ, ಒಳಗೆ ಗಾಳಿಯಾಡುವಂತೆ ಇಡಬೇಕು. ಟಾರ್ಪಾಲಿನ್ ಹೊದಿಸುವುದಾದರೂ ಒಡಲಿಗೆ ಅಂಟಿಕೊಳ್ಳದಂತೆ ನಡುವೆ ಅಂತರ ಬಿಟ್ಟು ಕಟ್ಟುವುದು ಒಳ್ಳೆಯದು.