ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ: ಒಂದು ರೂಪಾಯಿಯ ಧಾರಾವಾಹಿಯಿಂದ ನಮ್ಮ ಮನೆಗಾದ ನಷ್ಟ

ಗದಗ-ಬೆಟಗೇರಿಯಲ್ಲಿರುವ ನಮ್ಮ ಅವ್ವನ ಬ್ಯಾಂಕ್ ಖಾತೆಯಿಂದ ಐದು ತಿಂಗಳ ಕಾಲ, ತಿಂಗಳಿಗೆ 399 ರೂಪಾಯಿಯಂತೆ, ಒಟ್ಟು 1,995 ರೂಪಾಯಿ ಹೋಗಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾಗುವುದು ಇದೇ ಖಾತೆಗೆ. ಅವಳ ಬಿಪಿ ಮಾತ್ರೆಗಳಿಗೆ ಆ ಹಣವೇ ಆಧಾರ. ಅದರ ಒಂದು ಕಂತು ಹೆಚ್ಚುಕಡಿಮೆ ಪೂರ್ತಿಯಾಗಿ, ಅವಳು ನೋಡುವುದನ್ನೇ ಬಿಟ್ಟಿದ್ದ ಒಂದು ವಿಡಿಯೊ ಆ್ಯಪ್‌ಗೆ ಸಂದಾಯವಾಯಿತು.

ಅವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಫೋನನ್ನು ಎದುರಿಗೆ ಇಟ್ಟುಕೊಂಡು ಏನಾದರೂ ನೋಡುತ್ತಿರುತ್ತಾಳೆ. ಒಂದೆರಡು ನಿಮಿಷದ ತುಣುಕುಗಳಲ್ಲಿ ಬರುವ ಧಾರಾವಾಹಿಯೊಂದರ ಜಾಹೀರಾತು ಹಾಗೆಯೇ ಅವಳ ಕಣ್ಣಿಗೆ ಬಿತ್ತು. ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಹೊತ್ತಿಗೆ ಸರಿಯಾಗಿ ಕಥೆ ನಿಂತು, ಮುಂದಿನದನ್ನು ನೋಡಲು ಕೇವಲ 1 ರೂಪಾಯಿ ಎಂಬ ಬರಹ ಮೂಡಿತು. ಅವಳು ಒತ್ತಿದಳು, ಯುಪಿಐ ಪಿನ್ ಹಾಕಿದಳು, ಒಂದು ರೂಪಾಯಿ ಹೋಯಿತು. ವಾರದೊಳಗೆ ಬೇಸರವಾಗಿ ಮೊಮ್ಮಗನಿಗೆ ಹೇಳಿ ಆ ಆ್ಯಪ್ ತೆಗೆಸಿಯೂ ಬಿಟ್ಟಳು. ಅಲ್ಲಿಗೆ ಸಂಬಂಧ ಕಡಿಯಿತೆಂದೇ ಮನೆಯವರೆಲ್ಲರೂ ತಿಳಿದಿದ್ದೆವು.

ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಒಂದೇ ಮೊತ್ತ ಐದು ಸಲ ಕಡಿತವಾಗಿರುವುದು ಕಂಡಿತು. ಬ್ಯಾಂಕಿನವರು ಖಾತೆ ನೋಡಿ, ಇದು ಕಳ್ಳತನವಲ್ಲ, ನಿಮ್ಮ ತಾಯಿಯೇ ಪಿನ್ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆ ಎಂದರು. ಅವ್ವ ಮಾತ್ರ ಕೌಂಟರಿನ ಮುಂದೆ ನಿಂತು, “ಒಂದ ರೂಪಾಯಿ ಅಂತ ಬರದಿತ್ರಿ, ಅದಕ್ಕ ಒತ್ತೀನಿ” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ತಪ್ಪು ಮಾಡಿದವಳಂತೆ ಅವಳು ಹಾಗೆ ನಿಂತದ್ದು ಹೋದ ರೊಕ್ಕಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿತು.

ಅವಳು ಒಪ್ಪಿದ್ದು ನಿಜವಾಗಿ ಯಾವುದಕ್ಕೆ ಎಂದು ತಿಳಿಯಲು ಅದೇ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಂಡು, ಪಿನ್ ಕೇಳುವ ಪುಟದವರೆಗೆ ಹೋಗಿ ನಿಲ್ಲಿಸಿದೆ. ದಪ್ಪಕ್ಷರದಲ್ಲಿ ಕಾಣುವುದು 1 ರೂಪಾಯಿ. ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ಸಲಕ್ಕೆ ಗರಿಷ್ಠ ಎಷ್ಟು ಕಡಿಯಬಹುದು, ಎಷ್ಟು ದಿನಕ್ಕೊಮ್ಮೆ ಕಡಿಯಬಹುದು, ಯಾವ ದಿನಾಂಕದವರೆಗೆ ಕಡಿಯಬಹುದು ಎಂಬ ಮೂರು ಸಾಲುಗಳಿದ್ದವು. ಅದು ಒಂದು ರೂಪಾಯಿಯ ಪಾವತಿಯಲ್ಲ, ಆಟೋಪೇ ಮ್ಯಾಂಡೇಟ್, ಅಂದರೆ ನಮ್ಮ ಖಾತೆಯಿಂದ ಮುಂದೆಯೂ ಹಣ ತೆಗೆದುಕೊಳ್ಳಲು ಕೊಟ್ಟ ಅನುಮತಿಪತ್ರ. ಒಮ್ಮೆ ಪಿನ್ ಹಾಕಿ ಅದನ್ನು ಕೊಟ್ಟ ಮೇಲೆ 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿಸಲ ಪಿನ್ ಬೇಕಾಗುವುದಿಲ್ಲ. ಈ ಅನುಮತಿ ಇರುವುದು ಬ್ಯಾಂಕ್ ಮತ್ತು ಯುಪಿಐ ವ್ಯವಸ್ಥೆಯಲ್ಲಿಯೇ ಹೊರತು ವಿಡಿಯೊ ಆ್ಯಪ್‌ನೊಳಗಲ್ಲ. ಆದ್ದರಿಂದಲೇ ಆ್ಯಪ್ ಅಳಿಸಿದ ಮೇಲೂ ಕಡಿತ ನಡೆದೇ ಇತ್ತು.

ಕಡಿತಕ್ಕೆ ಕನಿಷ್ಠ 24 ತಾಸು ಮೊದಲು ಗ್ರಾಹಕರಿಗೆ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ, ಮತ್ತು ಆ ಸಂದೇಶಗಳು ಅವ್ವನ ಫೋನಿಗೆ ಬಂದೂ ಇದ್ದವು. ರೀಚಾರ್ಜ್, ಸಾಲ, ಲಾಟರಿಯ ನೂರಾರು ಸಂದೇಶಗಳ ನಡುವೆ ಇಂಗ್ಲಿಷಿನಲ್ಲಿದ್ದ ಆ ಐದು ಸಂದೇಶಗಳು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅವಳಿಗೆ ತಿಳಿಯಬೇಕಿತ್ತು ಎನ್ನುವುದನ್ನು ನಾನು ಒಪ್ಪಲಾರೆ.

ಹಿರಿಯರ ಫೋನಿನಲ್ಲಿ ಯುಪಿಐ ಇರುವವರು ದಯವಿಟ್ಟು ಇವತ್ತೇ ಅದನ್ನು ತೆರೆದು, ಪ್ರೊಫೈಲ್ ಒತ್ತಿ, ಆಟೋಪೇ ಎಂಬ ವಿಭಾಗವನ್ನು ನೋಡಿರಿ. ಎರಡು ಯುಪಿಐ ಆ್ಯಪ್‌ಗಳಿದ್ದರೆ ಎರಡರಲ್ಲಿಯೂ ನೋಡಬೇಕು. ಅಲ್ಲಿ ತಾತ್ಕಾಲಿಕವಾಗಿ ತಡೆಯುವ ಗುಂಡಿಯೂ ಇರುತ್ತದೆ, ರದ್ದುಮಾಡುವ ಗುಂಡಿಯೂ ಇರುತ್ತದೆ. ಬೇಕಾದದ್ದು ರದ್ದು, ಅದಕ್ಕೆ ಮತ್ತೊಮ್ಮೆ ಪಿನ್ ಕೇಳುತ್ತದೆ. ಅವ್ವನ ಮ್ಯಾಂಡೇಟ್ ರದ್ದಾಗಲು ಒಂದು ನಿಮಿಷವೂ ಹಿಡಿಯಲಿಲ್ಲ.

ಹಣ ವಾಪಸು ಕೇಳಲು ಹೊರಟಾಗ ನಾನೂ ಎಡವುವುದರಲ್ಲಿದ್ದೆ. ಕಂಪನಿಯ ಸಹಾಯವಾಣಿ ಎಂದು ಅಂತರ್ಜಾಲದಲ್ಲಿ ಸಿಕ್ಕ ಸಂಖ್ಯೆಗೆ ಕರೆ ಮಾಡಿದರೆ, ಆ ಕಡೆಯವನು ಫೋನಿನ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್ ಹಾಕಿಕೊಳ್ಳಲು ಹೇಳಿ, ಹಣ ಮರಳಿ ಬರಲು ಪಿನ್ ಹಾಕಬೇಕು ಎಂದ. ಹಣ ಪಡೆಯಲು ಪಿನ್ ಎಂದೂ ಬೇಕಾಗದು ಎಂಬುದು ಆ ಕ್ಷಣದಲ್ಲಿ ನೆನಪಾಗಿ ಕರೆ ಕತ್ತರಿಸಿದೆ. ಇಂಥವರಿಗೆ ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದ್ದು, ಚಂದಾ ಬಲೆ, ಅಂದರೆ ಹೊರಬರಲು ಕಷ್ಟವಾಗುವಂತೆ ಚಂದಾದಲ್ಲಿ ಸಿಲುಕಿಸುವುದು, ಅವುಗಳಲ್ಲೊಂದು. ದೂರಿನಲ್ಲಿ ಇದನ್ನೇ ಬರೆದು, ಪಾಸ್‌ಬುಕ್ ಪುಟವನ್ನೂ ಮ್ಯಾಂಡೇಟ್ ಪುಟದ ಚಿತ್ರವನ್ನೂ ಲಗತ್ತಿಸಿದೆ. ಮೂರು ವಾರದ ಮೇಲೆ ಕೊನೆಯ ಎರಡು ತಿಂಗಳ 798 ರೂಪಾಯಿ ಮರಳಿತು. ಉಳಿದ 1,197 ರೂಪಾಯಿ ಇನ್ನೂ ಬಂದಿಲ್ಲ.

ಕಳೆದ ಭಾನುವಾರ ನಮ್ಮ ಓಣಿಯ ಐವರು ಹೆಣ್ಣುಮಕ್ಕಳು ಫೋನು ಹಿಡಿದು ಅವ್ವನ ಮನೆಗೆ ಬಂದಿದ್ದರು. ಮೂವರ ಖಾತೆಗಳಲ್ಲಿ ಇಂಥ ಮ್ಯಾಂಡೇಟ್‌ಗಳು ಜೀವಂತವಾಗಿದ್ದವು. ಅವರಲ್ಲೊಬ್ಬರು ತಮ್ಮ ಆ್ಯಪನ್ನು ಅಳಿಸಿ ಒಂದು ವರ್ಷ ಕಳೆದಿತ್ತು.